ಜೋಂಗಾ ಎದೆಯಲ್ಲಿ ಲಾರಿ ಗುಂಡಿಗೆ: ಮಾದಾಪುರ ಕಡೆಯ ನಾಲ್ಕು ದಿನ

ಕೊಡಗಿಗೆ ಹೋಗಿ ಬಂದವರು ಮಂಜು, ಕಾಫಿ, ಪಂದಿ ಕರಿ ಬಗ್ಗೆ ಬರೀತಾರೆ. ನಾನು ಈ ಸಲ ಒಂದು ಎಂಜಿನ್ ಬಗ್ಗೆ ಬರೀತೀನಿ. ಯಾಕಂದ್ರೆ ಕೊಡಗಿನ ಗುಡ್ಡಗಳನ್ನು ಅರ್ಥ ಮಾಡ್ಕೊಳ್ಳೋಕೆ ಅಲ್ಲಿ ಓಡಾಡುವ ಹಳೇ ಗಾಡಿಗಳನ್ನು ನೋಡೋದು ಒಳ್ಳೇ ದಾರಿ. ಸುಂಟಿಕೊಪ್ಪದಿಂದ ಮಾದಾಪುರದ ಕಡೆ ತಿರುಗಿ ಅರ್ಧ ಗಂಟೆ ನಿಂತ್ಕೊಳ್ಳಿ. ಬೆಂಗಳೂರಿನಲ್ಲಿ ಯಾವತ್ತೋ ಗುಜರಿ ಸೇರಿರಬೇಕಾದ ಜೀಪುಗಳು ಕೂಲಿಯವರನ್ನು, ಗೊಬ್ಬರದ ಚೀಲಗಳನ್ನು, ಶಾಲೆ ಮಕ್ಕಳನ್ನು ಹೊತ್ಕೊಂಡು ಹೋಗ್ತಾ ಇರ್ತವೆ. ಆ ಸಾಲಲ್ಲಿ ಆಗೊಮ್ಮೆ ಈಗೊಮ್ಮೆ ಅಗಲ ಮುಖದ, ಜೀಪಿಗಿಂತ ದೊಡ್ಡದಾದ ಒಂದು ಗಾಡಿ ಬರುತ್ತೆ. ಅದೇ ಜೋಂಗಾ.

ಹೆಸರು ಆಫ್ರಿಕಾದ ಯಾವುದೋ ನದಿಯದ್ದರ ಥರ ಕೇಳಿಸಿದರೂ ಅದು ಅಪ್ಪಟ ಸರ್ಕಾರಿ ಹೆಸರು. ಜಬಲ್‌ಪುರ್ ಆರ್ಡ್‌ನೆನ್ಸ್ ಅಂಡ್ ಗನ್ ಕ್ಯಾರೇಜ್ ಅಸೆಂಬ್ಲಿ ಅನ್ನೋದರ ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿದರೆ ಜೋಂಗಾ. ಜಪಾನಿನ ನಿಸ್ಸಾನ್ ಪೆಟ್ರೋಲ್ ಅನ್ನುವ ಗಾಡಿಯ ವಿನ್ಯಾಸ ತಗೊಂಡು ನಮ್ಮ ಸೇನೆಗಾಗಿ ಜಬಲ್‌ಪುರದ ವೆಹಿಕಲ್ ಫ್ಯಾಕ್ಟರಿಯಲ್ಲಿ 1969ರಿಂದ ತಯಾರಿಸಿದ್ದು. (ಇಲ್ಲಿ 'ಪೆಟ್ರೋಲ್' ಅಂದ್ರೆ ಗಸ್ತು, ಇಂಧನ ಅಲ್ಲ. ಆದರೆ ಅದು ಕುಡಿಯುತ್ತಿದ್ದುದೂ ಪೆಟ್ರೋಲೇ.) ಆಂಬುಲೆನ್ಸ್ ಆಗಿ, ವೈರ್‌ಲೆಸ್ ಗಾಡಿಯಾಗಿ, ಬೆನ್ನ ಮೇಲೆ ಟ್ಯಾಂಕ್ ಹೊಡೆಯುವ ತೋಪು ಹೊತ್ತ ಗಾಡಿಯಾಗಿ ಮೂರು ದಶಕ ದುಡಿದು, 1990ರ ದಶಕದ ಕೊನೆಗೆ ತಯಾರಿಕೆ ನಿಂತಿತು. ಸೇನೆ ಹರಾಜು ಹಾಕಿದ ಗಾಡಿಗಳು ನಾಗರಿಕರ ಕೈಗೆ ಬಂದವು. ಮನೆಗೊಬ್ಬ ಸೈನಿಕ ಇರುವ ಕೊಡಗಿಗೆ ಅವು ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

ನಾಲ್ಕು ಲೀಟರ್‌ನ ದಾಹ

ನನ್ನ ಕಾಲೇಜು ಗೆಳೆಯನ ಮನೆ ಮಾದಾಪುರದಿಂದ ಒಳಗೆ, ಹಟ್ಟಿಹೊಳೆ ಕಡೆಯ ಇಳಿಜಾರಿನಲ್ಲಿದೆ. ಅವನ ಅಪ್ಪ ಸೇನೆಯಿಂದ ನಿವೃತ್ತರಾಗಿ ಬಂದವರು, ನಾನು ಅಂಕಲ್ ಅಂತೀನಿ. ಅವರು 1996ರಲ್ಲಿ ಹರಾಜಿನ ಜೋಂಗಾ ಒಂದನ್ನು ತಂದರು. ಎಂಜಿನ್ ಆರು ಸಿಲಿಂಡರ್, 3,956 ಸಿಸಿ, ಪೆಟ್ರೋಲ್. ಗೊತ್ತಾಗೋ ಹಾಗೆ ಹೇಳಬೇಕಂದ್ರೆ, ಇವತ್ತಿನ ಸಣ್ಣ ಕಾರುಗಳ ಮೂರು ಎಂಜಿನ್ ಸೇರಿಸಿದಷ್ಟು. ಸರ್ಕಾರ ಪೆಟ್ರೋಲ್ ಹಾಕುವವರೆಗೆ ಎಲ್ಲಾ ಸರಿ. ಸ್ವಂತ ಜೇಬಿನಿಂದ ಹಾಕೋಕೆ ಶುರು ಮಾಡಿದ ಮೇಲೆ ಅಂಕಲ್‌ಗೆ ಸಿಕ್ಕಿದ ಮೈಲೇಜ್ ಲೀಟರ್‌ಗೆ ನಾಲ್ಕು ಕಿಲೋಮೀಟರ್. ತೋಟದ ಏರಿನಲ್ಲಿ ಅದೂ ಇಲ್ಲ. "ಮಡಿಕೇರಿಗೆ ಹೋಗಿ ಪೆಟ್ರೋಲ್ ತರೋದಕ್ಕೇ ಅರ್ಧ ಪೆಟ್ರೋಲ್ ಖಾಲಿ" ಅಂತ ನಗ್ತಾರೆ.

ಹಾಗಾಗಿ ಮಲೆನಾಡಿನ ಎಷ್ಟೋ ಜನ ಮಾಡಿದ್ದನ್ನೇ ಅವರೂ ಮಾಡಿದರು. 1997ರಲ್ಲಿ ಪೆಟ್ರೋಲ್ ಎಂಜಿನ್ ಎತ್ತಿ ಹೊರಗಿಟ್ಟು ಡೀಸೆಲ್ ಲಾರಿಯ ಎಂಜಿನ್ ಇಳಿಸಿದರು. 1980ರ ದಶಕದಲ್ಲಿ ಡಿಸಿಎಂ ಟೊಯೊಟಾ ಅನ್ನುವ ಕಂಪನಿ ಉತ್ತರ ಪ್ರದೇಶದಲ್ಲಿ ಸಣ್ಣ ಲಾರಿಗಳನ್ನು ಮಾಡುತ್ತಿತ್ತು. ನಮ್ಮ ಕಡೆ ಡಿಸಿಎಂ ಅಂದ್ರೆ ಉಪಮುಖ್ಯಮಂತ್ರಿ. ಹೈದರಾಬಾದ್ ಕಡೆ ಹೋದರೆ ಈಗಲೂ ಆ ಗಾತ್ರದ ಯಾವ ಲಾರಿಗಾದರೂ ಡಿಸಿಎಂ ಅಂತಾರೆ. ಆ ಲಾರಿಯ ಎಂಜಿನ್ ಹೆಸರು 14ಬಿ. ನಾಲ್ಕೇ ಸಿಲಿಂಡರ್, 3,660 ಸಿಸಿ, ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪಂಪು, ನಾಲ್ಕು ಇಂಜೆಕ್ಟರು, ಬೇಕಾದಷ್ಟು ಎರಕದ ಕಬ್ಬಿಣ. ಅಷ್ಟೇ.

ಇದು ಬರೀ ಗ್ಯಾರೇಜ್ ಜಾಣತನ ಅಂದ್ಕೊಳ್ಳಬೇಡಿ, ಕಂಪನಿಗಳೂ ಇದನ್ನು ಮಾಡಿವೆ. ಬ್ರೆಜಿಲ್‌ನಲ್ಲಿ ಟೊಯೊಟಾ ತನ್ನ ಲ್ಯಾಂಡ್ ಕ್ರೂಸರನ್ನು ಬಂದೇರಾಂತೆ ಅನ್ನುವ ಹೆಸರಿನಲ್ಲಿ ಮಾರುವಾಗ 1960ರ ದಶಕದಿಂದ ಮರ್ಸಿಡಿಸ್‌ನ ಡೀಸೆಲ್ ಎಂಜಿನ್ ಹಾಕುತ್ತಿತ್ತು. 1994ರಿಂದ ಹಾಕಿದ್ದು ಇದೇ 14ಬಿ. ನಮ್ಮ ಮಹೀಂದ್ರಾ ಕೂಡ ಪೆಟ್ರೋಲ್ ಜೀಪುಗಳಿಗೆ ಮೊದಲು ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಹಾಕಿ, ಆಮೇಲೆ ಫ್ರಾನ್ಸಿನ ಪ್ಯೂಜೊ ಕಂಪನಿಯ 2,112 ಸಿಸಿ ಎಂಜಿನ್‌ಗೆ ಬಂದದ್ದು. ಗುಡ್ಡ ಹತ್ತುವ ಗಾಡಿಗೆ ವೇಗ ಬೇಡ, ನಿಧಾನಕ್ಕೆ ತಿರುಗುವಾಗಲೇ ಎಳೆಯುವ ಶಕ್ತಿ ಬೇಕು. ಲಾರಿ ಎಂಜಿನ್ ಹುಟ್ಟಿರೋದೇ ಅದಕ್ಕೆ.

ಮೂರು ದಾರಿ

ಕಳೆದ ಮಳೆಗಾಲದಲ್ಲಿ ಆ ಎಂಜಿನ್ ಕೈ ಕೊಟ್ಟಿತು. ರೇಡಿಯೇಟರ್ ಹೋಸ್ ಒಡೆದು, ತೋಟದ ನಡುವೆ ನೀರು ಖಾಲಿಯಾಗಿ, ಬ್ಲಾಕ್ ಬಿರುಕು ಬಿಟ್ಟಿತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಬಣ್ಣ ಹಾಲು ಹಾಕಿದ ಕಾಫಿ. ಅಂದ್ರೆ ನೀರು ಸೇರಿದೆ. ಗಾಡಿ ಶೆಡ್ಡು ಸೇರಿತು.

ನವೆಂಬರ್ ಹೊತ್ತಿಗೆ ಮನೆಯಲ್ಲಿ ಮೂರು ಅಭಿಪ್ರಾಯ. ಮೊದಲನೆಯದು ಮಾರಿಬಿಡೋದು. 2019ರಲ್ಲಿ ಧೋನಿ ರಾಂಚಿಯ ರಸ್ತೆಯಲ್ಲಿ ಹಸಿರು ಜೋಂಗಾ ಓಡಿಸಿದ ಮೇಲೆ ಈ ಗಾಡಿಗೆ ನಗರದಲ್ಲಿ ಕೇಳುವವರು ಹುಟ್ಟಿಕೊಂಡಿದ್ದಾರೆ. ಬೆಂಗಳೂರಿನ ಒಬ್ಬರು ಎಂಜಿನ್ ಇಲ್ಲದಿದ್ದರೂ ಪರವಾಗಿಲ್ಲ, ಬಾಡಿ ಸಾಕು ಅಂತ ಒಳ್ಳೇ ಬೆಲೆ ಹೇಳಿದ್ದರು. ಆಂಟಿ ಒಲವು ಇದರ ಕಡೆ. "ಆ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ಬರುತ್ತೆ. ವಯಸ್ಸಾದ ಮೇಲೆ ಇವರಿಗೆ ಯಾಕೆ ಈ ಕಬ್ಬಿಣದ ಸಹವಾಸ?" ಅವರ ಮಾತಲ್ಲಿ ತಪ್ಪೇನೂ ಇರಲಿಲ್ಲ.

ಎರಡನೆಯದು ನನ್ನ ಗೆಳೆಯನದ್ದು: ಬೊಲೆರೊದ ಎಂಜಿನ್ ಹಾಕೋದು. ಸ್ಪೇರ್ ಪಾರ್ಟ್ಸ್ ಪ್ರತಿ ಊರಲ್ಲೂ ಸಿಗುತ್ತೆ. ಎಂಜಿನಿಯರ್ ತಲೆಗೆ ಇದೇ ಸರಿ ಅನ್ನಿಸುತ್ತೆ. ನಾನೂ ಅವನ ಪಕ್ಷವೇ.

ಮೂರನೆಯದು ಅಂಕಲ್‌ದು: ಅದೇ 14ಬಿ ಹುಡುಕಿ ಹಾಕೋದು. ಹಠ ಅಂತ ನಮಗೆ ಅನ್ನಿಸಿತು. ಅವರು ಕಪಾಟಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಹಳೇ ಆರ್‌ಸಿ ಪುಸ್ತಕ ತಂದು ಮೇಜಿನ ಮೇಲಿಟ್ಟರು. ಇಂಧನದ ಮುಂದೆ ಪೆಟ್ರೋಲ್ ಹೊಡೆದು ಡೀಸೆಲ್ ಅಂತ ಬರೆದು, ಹೊಸ ಎಂಜಿನ್ ನಂಬರ್ ಸೇರಿಸಿ, ಸಹಿ ಹಾಕಿ ಸೀಲು ಒತ್ತಿತ್ತು. 1997ರ ತಾರೀಖು.

ವಿಷಯ ಇದು. ಗಾಡಿಯ ಮೂಲ ವಿವರಗಳನ್ನು ಬದಲಾಯಿಸೋದರ ಬಗ್ಗೆ ಇರೋದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2000ದಲ್ಲಿ ಅದಕ್ಕೆ ತಿದ್ದುಪಡಿ ಬಂತು. ಕಂಪನಿ ಮೂಲದಲ್ಲಿ ಹೇಳಿದ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ ಬಿಗಿಯಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅಂಕಲ್ ಮಾಡಿಸಿದ್ದು ತಿದ್ದುಪಡಿಗೆ ಮೊದಲು, ಅದೂ ಒಪ್ಪಿಗೆ ಪಡೆದು. ಅವರ ಜೋಂಗಾ ಕಾಗದದಲ್ಲೇ 14ಬಿ ಡೀಸೆಲ್ ಗಾಡಿ. ಅದೇ ಜಾತಿಯ ಎಂಜಿನ್ ಹಾಕಿ, ಬಿಲ್ ಇಟ್ಟು, ಹೊಸ ನಂಬರನ್ನು ಆರ್‌ಸಿಗೆ ಸೇರಿಸಿ ಅಂತ ಕೇಳೋದು ಒಂದು ಮಾತು. ಬೇರೆ ಕಂಪನಿಯ ಎಂಜಿನ್ ಹಾಕಿ ಸುಮ್ಮನಿದ್ದುಬಿಡೋದು ಬೇರೆ ಮಾತು. ಕಾಗದ ಸರಿ ಇಲ್ಲದ ಗಾಡಿ ನಾಳೆ ಯಾರಿಗಾದರೂ ತಗುಲಿದರೆ ಇನ್ಶೂರೆನ್ಸ್ ಕೈ ತೊಳೆದುಕೊಳ್ಳಬಹುದು. "ಈ ಗಾಡಿಯಲ್ಲಿ ಹಿಂದೆ ಹತ್ತು ಜನ ಕೂಲಿಯವರು ಕೂತಿರ್ತಾರೆ. ಅವರ ಮನೆಯವರಿಗೆ ನಾನು ಏನು ಹೇಳ್ಲಿ?" ಅಂದರು ಅಂಕಲ್. ಚರ್ಚೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಕಾರಣ ಅವರು ಹೇಳಲಿಲ್ಲ, ಗೆಳೆಯ ಹೇಳಿದ. 2018ರ ಆಗಸ್ಟ್‌ನಲ್ಲಿ ಈ ಗುಡ್ಡಗಳು ಕುಸಿದದ್ದು ನಿಮಗೆ ನೆನಪಿರಬಹುದು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಎಲ್ಲಾ ಟಿವಿಯಲ್ಲಿ ಕೇಳಿದ ಹೆಸರುಗಳು. ರಸ್ತೆ ಕೊಚ್ಚಿಹೋಗಿ, ಕರೆಂಟ್ ಇಲ್ಲದೆ, ಫೋನ್ ಇಲ್ಲದೆ ಇದ್ದಾಗ ಅಕ್ಕಪಕ್ಕದ ಮನೆಗಳ ವಯಸ್ಸಾದವರನ್ನು, ಲೈನ್ ಮನೆಯ ಮಕ್ಕಳನ್ನು ತೋಟದೊಳಗಿನ ದಾರಿಯಲ್ಲೇ ಸಾಗಿಸಿ ಮಾದಾಪುರ ಮುಟ್ಟಿಸಿದ್ದು ಇದೇ ಗಾಡಿ. ಮೂರು ಟ್ರಿಪ್. ಆಂಟಿ ಆಮೇಲೆ ಮಾರುವ ಮಾತು ಎತ್ತಲಿಲ್ಲ. "ಹುತ್ತರಿಗೆ ಮೊದಲು ಓಡಬೇಕು, ಕಾಫಿ ಕೊಯ್ಲಿಗೆ ಬೇಕು" ಅಂತ ಗಡುವು ಮಾತ್ರ ಕೊಟ್ಟರು.

ಕಾಕನ ಗ್ಯಾರೇಜ್

ಎಂಜಿನ್ ಸಿಕ್ಕಿದ್ದು ಚೆನ್ನೈನ ಪುದುಪೇಟೆಯಲ್ಲಿ. ಹಳೇ ಗಾಡಿಗಳ ಭಾಗಗಳಿಗೆ ಹೆಸರಾದ ಜಾಗ ಅದು. ಅದಕ್ಕೆ ಮೊದಲು ಬೆಂಗಳೂರಿನ ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ನಾನೂ ಗೆಳೆಯನೂ ಎರಡು ಶನಿವಾರ ಅಲೆದಿದ್ದೆವು. ಹಳೇ ಎಂಜಿನ್ ತಗೊಳ್ಳುವಾಗ ನೋಡಬೇಕಾದ್ದನ್ನು ಮೆಕ್ಯಾನಿಕ್ ಕಾಕ ಫೋನಲ್ಲೇ ಪಾಠ ಮಾಡಿದ್ದರು: ನಂಬರ್ ಪಂಚ್ ತಿದ್ದಿರಬಾರದು. ಸ್ಟಾರ್ಟ್ ಮಾಡಿ ಆಯಿಲ್ ಕ್ಯಾಪ್ ತೆಗೆದರೆ ಹೊಗೆ ಬುಸುಗುಟ್ಟಬಾರದು. ಕ್ರ್ಯಾಂಕ್ ಪುಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರೆ ಸದ್ದು ಬರಬಾರದು. ಬಿಲ್ ಇಲ್ಲದೆ ಬಿಟ್ಟಿ ಕೊಟ್ಟರೂ ಬೇಡ.

ಕಾಕನ ಗ್ಯಾರೇಜ್ ಅಂದ್ರೆ ನಾಲ್ಕು ಕಬ್ಬಿಣದ ಕಂಬ, ತಗಡಿನ ಮಾಡು, ಒಂದು ಚೈನ್ ಬ್ಲಾಕ್, ಗೋಡೆ ಇರಬೇಕಾದ ಕಡೆ ಕಿತ್ತಳೆ ಗಿಡ. ಅರವತ್ತು ದಾಟಿದ ಮನುಷ್ಯ. 1997ರಲ್ಲಿ ಇದೇ ಗಾಡಿಗೆ ಡೀಸೆಲ್ ಎಂಜಿನ್ ಇಳಿಸಿದಾಗಲೂ ಅವರೇ, ಆಗ ಅವರ ಕೆಳಗೆ ಮೂವರು ಹುಡುಗರಿದ್ದರಂತೆ. ಈಗ ಇರೋದು ಒಬ್ಬನೇ. ಹಳೇ ಎಂಜಿನ್ ಚೈನಿಗೆ ಸಿಕ್ಕಿಸಿ ಎತ್ತಿದ ಮೇಲೆ ಖಾಲಿ ಹೊಟ್ಟೆಯೊಳಗೆ ಟಾರ್ಚ್ ಬಿಟ್ಟು ಕಾಕ ತಮ್ಮ ಹಳೇ ಕೆಲಸವನ್ನು ಒಂದೊಂದಾಗಿ ತೋರಿಸಿದರು. ನಾವು ಕೋಡ್ ಬರೆದು ಆರು ತಿಂಗಳಿಗೆ ನಮ್ಮದೇ ಕೋಡ್ ಗುರುತಿಸೋಕೆ ಒದ್ದಾಡ್ತೀವಿ. ಇವರಿಗೆ ಸುಮಾರು ಮೂವತ್ತು ವರ್ಷದ ಹಿಂದಿನ ಪ್ರತಿ ವೆಲ್ಡಿಂಗ್ ನೆನಪಿತ್ತು.

ಮುಖ್ಯ ಭಾಗ ಒಂದು ಉಕ್ಕಿನ ತಟ್ಟೆ. ಲಾರಿ ಎಂಜಿನ್ನಿನ ಬೆನ್ನಿಗೂ ಜೋಂಗಾ ಗೇರ್‌ಬಾಕ್ಸಿನ ಮುಖಕ್ಕೂ ಬೋಲ್ಟಿನ ತೂತುಗಳು ಹೊಂದೋದಿಲ್ಲ. ನಡುವೆ ಒಂದು ತಟ್ಟೆ ಇಟ್ಟು, ಒಂದು ಬದಿಗೆ ಎಂಜಿನ್ ತೂತು, ಇನ್ನೊಂದು ಬದಿಗೆ ಗೇರ್‌ಬಾಕ್ಸ್ ತೂತು ಕೊರೆದಿದ್ದರು. ಅದನ್ನು ಮೈಸೂರಿನ ಲೇತ್‌ನಲ್ಲಿ ಮಾಡಿಸಿದ್ದಂತೆ. ಇಲ್ಲಿ ಕೂದಲೆಳೆಯ ತಪ್ಪೂ ಆಗುವಂತಿಲ್ಲ. ಎರಡರ ಕೇಂದ್ರ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಕ್ಲಚ್ ನಡುಗುತ್ತೆ, ಕೆಲವೇ ತಿಂಗಳಲ್ಲಿ ಬೇರಿಂಗ್ ಪುಡಿ. ಕಾಕ ಡಯಲ್ ಗೇಜ್ ಕೂರಿಸಿ ಎಂಜಿನ್ ಕೈಯಲ್ಲಿ ತಿರುಗಿಸ್ತಾ ಮುಳ್ಳು ಎಲ್ಲಿ ಹಾರುತ್ತೆ ಅಂತ ನೋಡೋದರಲ್ಲೇ ಎರಡನೇ ದಿನದ ಮಧ್ಯಾಹ್ನ ಕಳೆಯಿತು.

ಎರಡನೆಯದು ಆಯಿಲ್ ಸಂಪ್. ಲಾರಿಯಲ್ಲಿ ಎಂಜಿನ್ ಕೆಳಗೆ ಬೇಕಾದಷ್ಟು ಜಾಗ. ಫೋರ್ ವೀಲ್ ಗಾಡಿಯಲ್ಲಿ ಕೆಳಗೇ ಮುಂದಿನ ಆಕ್ಸಲ್. ಗಾಡಿ ಗುಂಡಿಗೆ ಬಿದ್ದಾಗ ಆಕ್ಸಲ್ ಮೇಲೆದ್ದು ಸಂಪಿಗೆ ಗುದ್ದುತ್ತೆ. ಅದಕ್ಕೆ ಸಂಪನ್ನು ಕತ್ತರಿಸಿ, ಆಕ್ಸಲ್ ಬರುವ ಜಾಗದಲ್ಲಿ ತಗ್ಗು ಮಾಡಿ, ಕಳೆದುಕೊಂಡ ಆಯಿಲ್‌ನ ಜಾಗವನ್ನು ಹಿಂದೆ ಕೂಡಿಸಿದ್ದಾರೆ. ಹಳೇ ಸಂಪನ್ನೇ ಹೊಸ ಎಂಜಿನ್‌ಗೆ ಬದಲಾಯಿಸಿದರು.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು, ಬ್ರೇಕ್. ಕಾರಿನ ಬ್ರೇಕ್ ಪೆಡಲ್ ಹಗುರವಾಗಿರೋಕೆ ಬೂಸ್ಟರ್ ಕಾರಣ, ಅದು ಕೆಲಸ ಮಾಡೋದು ನಿರ್ವಾತದಿಂದ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ತಡೆಯುವ ಥ್ರಾಟಲ್ ಬಾಗಿಲು ಇರೋದರಿಂದ ಅದರ ಹಿಂದೆ ನಿರ್ವಾತ ತಾನಾಗೇ ಹುಟ್ಟುತ್ತೆ. ಇಂಥ ಹಳೇ ಡೀಸೆಲ್ ಎಂಜಿನ್ನಿನಲ್ಲಿ ಆ ಬಾಗಿಲೇ ಇಲ್ಲ. ಗಾಳಿ ಪೂರ್ತಿ ಒಳಗೆ ಬರುತ್ತೆ, ಡೀಸೆಲ್ ಎಷ್ಟು ಹೋಗಬೇಕು ಅನ್ನೋದನ್ನು ಮಾತ್ರ ಪಂಪ್ ನಿರ್ಧರಿಸುತ್ತೆ. ಹಾಗಾಗಿ ನಿರ್ವಾತಕ್ಕೆ ಬೇರೆ ಪಂಪ್ ಬೇಕು. ಇಲ್ಲಿ ಅದು ಆಲ್ಟರ್ನೇಟರ್ ಬೆನ್ನಿಗೇ ಅಂಟಿಕೊಂಡಿದೆ. ಡೀಸೆಲ್ ಎಂಜಿನ್ ಹಾಕಿ ಈ ಪಂಪ್ ಮರೆತರೆ ಗಾಡಿ ಚೆನ್ನಾಗಿ ಹತ್ತುತ್ತೆ, ಇಳಿಯುವಾಗ ದೇವರೇ ಗತಿ. "ಎಲ್ಲರೂ ಹತ್ತೋದನ್ನು ಯೋಚನೆ ಮಾಡ್ತಾರೆ, ನಾನು ಇಳಿಯೋದನ್ನು ಮೊದಲು ನೋಡ್ತೇನೆ" ಅಂದರು ಕಾಕ. ಹೊಸ ಪಂಪ್, ಹೊಸ ಹೋಸ್, ನಾಲ್ಕೂ ಚಕ್ರದ ವೀಲ್ ಸಿಲಿಂಡರ್ ಹೊಸದು ಹಾಕಿದ ಮೇಲೇ ಉಳಿದ ಮಾತು.

ಹಳೇ ಎಂಜಿನ್ ಕೊಂದದ್ದು ನೀರು ತಾನೇ? ಈ ಸಲ ರೇಡಿಯೇಟರ್ ಒಳಗಿನ ಕೋರ್ ಪೂರ್ತಿ ಬದಲಾಯಿತು. ಜೊತೆಗೆ ಉಷ್ಣ ಹೆಚ್ಚಾದರೆ ಕಿರುಚುವ ಒಂದು ಬಜರ್. ಇಡೀ ಗಾಡಿಯಲ್ಲಿ ಇರುವ ಏಕೈಕ ಎಲೆಕ್ಟ್ರಾನಿಕ್ಸ್ ಅದು, ನಾವಿಬ್ಬರು ಎಂಜಿನಿಯರ್‌ಗಳು ಕೂತು ಮಾಡಿದ್ದು. ಕಾಕ ಅದನ್ನು ಎರಡು ಸಲ ಪರೀಕ್ಷೆ ಮಾಡಿ "ಇರಲಿ" ಅಂದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನಮಗೆ ಬೇಕಿರಲಿಲ್ಲ.

ಏರು, ಇಳಿವು

ನಾಲ್ಕನೇ ದಿನ ಸಂಜೆ ಡೀಸೆಲ್ ಲೈನಿನ ಗಾಳಿ ತೆಗೆದು, ಕೈ ಪಂಪ್ ಒತ್ತಿ, ಸ್ಟಾರ್ಟರ್ ಕೊಟ್ಟರು. ಒಂದು ಸಲ ಕೆಮ್ಮಿತು, ಬಿಳಿ ಹೊಗೆ, ಆಮೇಲೆ ಆ ಧಡ್ ಧಡ್ ಲಯ. ಪೆಟ್ರೋಲ್ ಎಂಜಿನ್ ಹಾಡುತ್ತೆ ಅಂತಾರೆ. ಇದು ಹಾಡೋದಿಲ್ಲ, ಹೊಲ ಉಳುತ್ತೆ. ಮೊದಲ ಓಟ ತೋಟದೊಳಗೇ. ಕಾಗದದ ಕೆಲಸ ಮುಗಿಯುವ ತನಕ ಡಾಂಬರು ರಸ್ತೆಗೆ ಇಲ್ಲ ಅಂತ ಅಂಕಲ್ ಆಜ್ಞೆ.

ಕಣದ ಹಿಂದಿನ ಏರು ಕೆಮ್ಮಣ್ಣಿನದು, ಸಿಲ್ವರ್ ಓಕ್ ಮರಗಳ ನಡುವೆ ನೇರ ಮೇಲಕ್ಕೆ. ಹಿಂದೆ ಐವತ್ತು ಕಿಲೋ ಚೀಲ ಹನ್ನೆರಡು, ಮೇಲೆ ನಾವಿಬ್ಬರು. ಅಂಕಲ್ ಲೋ ರೇಷಿಯೊ ಲಿವರ್ ಎಳೆದು, ಮೊದಲ ಗೇರಿಗೆ ಹಾಕಿ, ಆಕ್ಸಿಲರೇಟರ್‌ನಿಂದ ಕಾಲು ತೆಗೆದೇಬಿಟ್ಟರು. ಗಾಡಿ ತಾನಾಗೇ ಹತ್ತಿತು, ಮನುಷ್ಯ ನಡೆಯುವ ವೇಗದಲ್ಲಿ, ಒಂದು ಚಕ್ರವೂ ಜಾರದೆ. ಈ ಎಂಜಿನ್ನಿನ ಎಳೆಯುವ ಬಲ ನಿಮಿಷಕ್ಕೆ 2,000 ಸುತ್ತಿನ ಆಸುಪಾಸಲ್ಲೇ ಪೂರ್ತಿ ಸಿಗುತ್ತೆ. 3,400ಕ್ಕೆಲ್ಲಾ ಅದರ ಓಟ ಮುಗೀತು. ಹೈವೇನಲ್ಲಿ ಇದು ಎಪ್ಪತ್ತು ದಾಟಿದರೆ ಅದಕ್ಕೂ ಹಿಂಸೆ, ನಮಗೂ ಹಿಂಸೆ. ಮೈಲೇಜ್ ಮಾತ್ರ ಮೊದಲಿನ ನಾಲ್ಕರಿಂದ ಎಂಟಕ್ಕೆ ಏರಿದೆ. ಸ್ಪಾರ್ಕ್ ಪ್ಲಗ್, ಡಿಸ್ಟ್ರಿಬ್ಯೂಟರ್ ಇಲ್ಲದ್ದರಿಂದ ಮಳೆ ನೀರು ತಾಗಿ ನಿಂತುಹೋಗುವ ಕಾಟವೂ ಇಲ್ಲ. ಮುಂಗಾರಿನ ಕೊಡಗಿನಲ್ಲಿ ಇದು ಸಣ್ಣ ಮಾತಲ್ಲ.

ಏರಿನ ತುದಿಯಲ್ಲಿ ನಿಂತರೆ ಎದುರಿಗೆ ಪುಷ್ಪಗಿರಿ ಸಾಲು, ಹುಲ್ಲಿನ ಬೋಳು ಗುಡ್ಡಗಳ ಮೇಲೆ ಸಂಜೆ ಬಿಸಿಲು. ಕೆಳಗೆ 2018ರಲ್ಲಿ ಜಾರಿದ ಜಾಗ ಇನ್ನೂ ಗೊತ್ತಾಗುತ್ತೆ. ಸುತ್ತಲಿನ ಕಡು ಹಸಿರಿನ ನಡುವೆ ಎಳೇ ಹಸಿರಿನ ಒಂದು ಉದ್ದ ಗೆರೆ. ಅಂಕಲ್ ಅದನ್ನು ನೋಡಿದರು, ಏನೂ ಹೇಳಲಿಲ್ಲ. ಇಳಿಯುವಾಗ ಅದೇ ಮೊದಲ ಗೇರ್, ಬ್ರೇಕ್ ಮೇಲೆ ಬರೀ ಬೆರಳಿನಷ್ಟು ಒತ್ತಡ. ಕೆಳಗೆ ಕಾಯುತ್ತಿದ್ದ ಕಾಕ ಕೇಳಿದ್ದು ಒಂದೇ: "ಪೆಡಲ್ ಹೇಗಿತ್ತು?"

ಮುಂದಿನ ವಾರ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಂತಿತು. ಎಂಜಿನ್ ನಂಬರಿನ ಪೆನ್ಸಿಲ್ ಪ್ರಿಂಟ್, ಪುದುಪೇಟೆಯ ಬಿಲ್, 1997ರ ಆರ್‌ಸಿ ಮೂರನ್ನೂ ಜೋಡಿಸಿ ನೋಡಿದರು. ಮೂರು ಸಲ ಓಡಾಟ ಆಯಿತು, ಆದರೆ ಆಯಿತು. ಹುತ್ತರಿಗೆ ಎರಡು ದಿನ ಮೊದಲು ಗೆಳೆಯ ಫೋಟೋ ಕಳಿಸಿದ: ಜೋಂಗಾ ಮೂತಿಗೆ ಚೆಂಡುಹೂವಿನ ಹಾರ, ಹಿಂದೆ ತುಂಬಿದ ಕಾಫಿ ಚೀಲಗಳ ಮೇಲೆ ಆಂಟಿ ಕೂತಿದ್ದಾರೆ.

ಒಂದು ಚಿಂತೆ ಉಳಿದಿದೆ. ಕಾಕನ ಮಗ ದುಬೈನಲ್ಲಿ ಎಸಿ ರಿಪೇರಿ ಮಾಡ್ತಾನೆ, ವಾಪಸ್ ಬರೋದಿಲ್ಲ. ಉಳಿದಿರುವ ಒಬ್ಬ ಹುಡುಗನಿಗೆ ಈಗ ಹತ್ತೊಂಬತ್ತು. ಡಯಲ್ ಗೇಜ್ ಓದೋಕೆ ಈ ಸಲ ಕಲಿತ. ಬಿರುಕು ಬಿಟ್ಟ ಹಳೇ ಎಂಜಿನ್ ಗುಜರಿಗೆ ಹೋಗಲಿಲ್ಲ. ಅದನ್ನು ಬಿಚ್ಚಿ ಜೋಡಿಸು ಅಂತ ಕಾಕ ಆ ಹುಡುಗನಿಗೇ ಕೊಟ್ಟಿದ್ದಾರೆ. ಅಂಕಲ್ ಅದಕ್ಕೆ ದುಡ್ಡು ಕೇಳಲಿಲ್ಲ.

ನೀವು ಹೋಗೋದಾದರೆ

ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿ.ಮೀ. ಮೈಸೂರು, ಹುಣಸೂರು, ಕುಶಾಲನಗರ ದಾಟಿ ಸುಂಟಿಕೊಪ್ಪ. ಅಲ್ಲಿಂದ ಬಲಕ್ಕೆ ಮಾದಾಪುರ, ಸೋಮವಾರಪೇಟೆ ರಸ್ತೆ. ಹಳೇ ಫೋರ್ ವೀಲ್ ಗಾಡಿಯ ಗಮ್ಮತ್ತು ನೋಡಬೇಕಂದ್ರೆ ಮಾಂದಲ್‌ಪಟ್ಟಿ ಸುಲಭ. 2008ರ 'ಗಾಳಿಪಟ' ಸಿನಿಮಾದ ಮುಗಿಲುಪೇಟೆ ಅಂದ್ರೆ ಅದೇ. ಮಡಿಕೇರಿಯಿಂದ ಅಬ್ಬಿ ಜಲಪಾತದ ಕಡೆಯಿಂದಲೂ, ಮಕ್ಕಂದೂರು–ಮುಕ್ಕೋಡ್ಲು ಕಡೆಯಿಂದಲೂ ದಾರಿ ಇದೆ. ಕೊನೆಯ ಏರು ಸಣ್ಣ ಕಾರುಗಳದ್ದಲ್ಲ, ಸ್ಥಳೀಯರ ಜೀಪ್ ಹಿಡಿಯಿರಿ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ. ಜೋರು ಮಳೆಯಲ್ಲಿ ಬೇಡ, ಆ ಮಣ್ಣಿಗೆ ಸ್ವಲ್ಪ ಬಿಡುವು ಕೊಡೋಣ.

ಮುಂದಿನ ಸೀಟು ಸಿಕ್ಕರೆ ಸೆಲ್ಫಿ ಆಮೇಲೆ, ಮೊದಲು ಡ್ರೈವರಣ್ಣನನ್ನು ಕೇಳಿ: "ಅಣ್ಣಾ, ಇದಕ್ಕೆ ಯಾವ ಎಂಜಿನ್ ಹಾಕ್ಸಿದ್ದೀರಾ?" ಮೇಲೆ ಮುಟ್ಟುವ ತನಕ ಕಥೆಗೆ ಬರ ಇರೋದಿಲ್ಲ.